ಹುಟ್ಟುವ ಮೊದಲೇ ಹಣೆಪಟ್ಟಿ

1980ರ ದಶಕದ ನಡುವಿನಲ್ಲಿ ಅಮೆರಿಕದ ನಗರಗಳ ಬಡ ಕೇರಿಗಳಿಗೆ ‘ಕ್ರ್ಯಾಕ್’ ಕಾಲಿಟ್ಟಿತು. ಕೊಕೇನ್ ಪುಡಿಯನ್ನು ಅಡಿಗೆ ಸೋಡಾ, ನೀರಿನೊಡನೆ ಕಾಯಿಸಿ ಮಾಡಿದ ಹರಳು ಅದು. ಸಿರಿವಂತರ ಔತಣಕೂಟಗಳಲ್ಲಿ ಪುಡಿಯಾಗಿದ್ದಾಗ ಪತ್ರಿಕೆಗಳಿಗೆ ಶೋಕಿಯಾಗಿ ಕಂಡ ವಸ್ತು, ಅಗ್ಗದ ಹರಳಾಗಿ ಕಪ್ಪು ಜನರ ಓಣಿಗೆ ಬಂದೊಡನೆ ‘ಪಿಡುಗು’ ಆಯಿತು. 1986ರ ಕಾನೂನಿನಲ್ಲೂ ಇದೇ ತಾರತಮ್ಯ: 5 ಗ್ರಾಂ ಕ್ರ್ಯಾಕ್ ಮಾರಾಟಕ್ಕೆ 500 ಗ್ರಾಂ ಪುಡಿಯಷ್ಟೇ ಶಿಕ್ಷೆ.

ಈ ಗದ್ದಲದಲ್ಲೇ ‘ಕ್ರ್ಯಾಕ್ ಕೂಸು’ ಹುಟ್ಟಿಕೊಂಡಿತು. 1985ರಲ್ಲಿ ವೈದ್ಯ ಐರಾ ಚಾಸ್ನಾಫ್ ಕೊಕೇನ್ ಬಳಸಿದ ಕೇವಲ 23 ಗರ್ಭಿಣಿಯರನ್ನು ಕುರಿತು ವರದಿ ಪ್ರಕಟಿಸಿದರು. ಇದು ಆರಂಭಿಕ ಅವಲೋಕನವಷ್ಟೆ, ಇನ್ನೂ ದೊಡ್ಡ ಅಧ್ಯಯನ ಬೇಕು ಎಂಬ ಎಚ್ಚರಿಕೆ ಅದರಲ್ಲೇ ಇತ್ತು. ಸುದ್ದಿಮನೆಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ನಡುಗುವ, ಕಿರುಚುವ ಕೂಸುಗಳು ಟಿ.ವಿ. ಪರದೆ ತುಂಬಿದವು. ತಿಂಗಳು ತುಂಬದೆ ಹುಟ್ಟಿದ ಯಾವ ಮಗುವೂ ಹಾಗೆ ನಡುಗಬಹುದೆಂದು ಹೇಳುವವರಿರಲಿಲ್ಲ. ಅಂಕಣಕಾರ ಚಾರ್ಲ್ಸ್ ಕ್ರೌತ್ಹ್ಯಾಮರ್ 1989ರಲ್ಲಿ, ದೈಹಿಕವಾಗಿಯೇ ಕೀಳಾದ ಹೊಸದೊಂದು ವರ್ಗ ಹುಟ್ಟುತ್ತಿದೆ ಎಂದೇ ಬರೆದುಬಿಟ್ಟರು.

ಬೆಲೆ ತೆತ್ತವರು ತಾಯಂದಿರು. ಅದೇ ವರ್ಷ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸರ್ಕಾರಿ ಆಸ್ಪತ್ರೆಯೊಂದು ಗರ್ಭಿಣಿಯರ ಮೂತ್ರ ಪರೀಕ್ಷಿಸಿ ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸತೊಡಗಿತು. ಬಂಧಿತರಾದ 30 ಮಹಿಳೆಯರಲ್ಲಿ 29 ಮಂದಿ ಕಪ್ಪು ಜನರು. ಕೆಲವರಿಗಂತೂ ಹೆರಿಗೆಯಾದ ಬೆನ್ನಿಗೇ ಕೋಳ. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ.

ಫಿಲಡೆಲ್ಫಿಯಾದ ಮಕ್ಕಳ ವೈದ್ಯೆ ಹ್ಯಾಲಮ್ ಹರ್ಟ್ 1989ರಿಂದ 224 ಶಿಶುಗಳ ಬೆನ್ನುಹತ್ತಿದರು. ಅರ್ಧದಷ್ಟು ಮಕ್ಕಳ ತಾಯಂದಿರು ಕೊಕೇನ್ ಬಳಸಿದ್ದರು, ಉಳಿದವರು ಬಳಸಿರಲಿಲ್ಲ, ಎಲ್ಲರೂ ಬಡವರೇ. ನಾಲ್ಕನೆಯ ವಯಸ್ಸಿನ ಬುದ್ಧಿಮಾಪನದಲ್ಲಿ ಮೊದಲ ಗುಂಪಿನ ಸರಾಸರಿ 79, ಎರಡನೆಯದರದು ಸುಮಾರು 82. ಎರಡೂ ಕಡಿಮೆಯೇ! ಹಾಗಾದರೆ ದೋಷ ಎಲ್ಲಿ? ಏಳು ವರ್ಷದ ಈ ಮಕ್ಕಳಲ್ಲಿ ಶೇ 74ರಷ್ಟು ಗುಂಡಿನ ಸದ್ದು ಕೇಳಿದ್ದರು, ಶೇ 19ರಷ್ಟು ಬೀದಿಯಲ್ಲಿ ಹೆಣ ನೋಡಿದ್ದರು. ಕೊಕೇನ್ ಗರ್ಭಕ್ಕೆ ನಿರಪಾಯಕಾರಿ ಎಂದಲ್ಲ. ಆದರೆ ಬಡತನ ಅದಕ್ಕಿಂತ ಬಲವಾಗಿ ಮಕ್ಕಳನ್ನು ಕುಗ್ಗಿಸಿತ್ತು. ನಡುಗುವ ಕೂಸಿನಂತೆ ಬಡತನದ ಚಿತ್ರ ತೆಗೆಯುವುದು ಸುಲಭವಲ್ಲ.

ಹೆಚ್ಚುಕಡಿಮೆ ಕಾಲು ಶತಮಾನ ನಡೆದ ಈ ಅಧ್ಯಯನ ಮುಗಿದದ್ದು 2013ರ ಹೊತ್ತಿಗೆ. ಮಾಧ್ಯಮಗಳ ಆ ಪ್ರಮಾದದಲ್ಲಿ ತನ್ನ ಪಾಲೂ ಇತ್ತೆಂದು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯ ಒಪ್ಪಿಕೊಂಡಿದ್ದು 2018ರ ಡಿಸೆಂಬರಿನಲ್ಲಿ. ಆ ಕೂಸುಗಳಿಗೆ ಆಗ ಮೂವತ್ತರ ಆಸುಪಾಸು.