ಎವರೆಸ್ಟ್ ಸಾಹೇಬನ ಚಳಿಜ್ವರ: ಪೆಟ್ಟಿಗೆಯಲ್ಲಿ ಇರದಿದ್ದ ಮದ್ದು

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಮಾತಿನ ಭರದಲ್ಲಿ ಬಿಟ್ಟುಹೋದ ಇಸವಿಗಳನ್ನು ಸೇರಿಸಿ ಇಲ್ಲಿ ಹಾಕಿದ್ದೇನೆ.

ಇದು ಶುರುವಾಗಿದ್ದು ಒಂದು ಎಕ್ಸೆಲ್ ಶೀಟಿನಿಂದ. ಇಲ್ಲಿ ಹೈದರಾಬಾದಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ ಮೂರು ತಿಂಗಳು ರಜೆ ಹಾಕಿ, ಜೀಪಿನಲ್ಲಿ ಒಡಿಶಾ ದಾಟಿಕೊಂಡು ಈಶಾನ್ಯ ರಾಜ್ಯಗಳನ್ನೆಲ್ಲ ಸುತ್ತಲು ಹೊರಟಿದ್ದ. ಟೈಫಾಯ್ಡ್ ಲಸಿಕೆ, ಟೆಟನಸ್ ಬೂಸ್ಟರ್, ರೇಬೀಸ್ ಚುಚ್ಚುಮದ್ದು, ಓಆರ್‌ಎಸ್, ಬ್ಯಾಂಡೇಜು ಅಂತ ನಲವತ್ತು ಸಾಲಿನ ಪಟ್ಟಿ. "ಏನಾದ್ರೂ ಬಿಟ್ಟಿದೀನಾ ನೋಡು" ಅಂದ. ನಾನು ಡಾಕ್ಟರಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ಹೊರಡ್ತೀಯ?" ಜುಲೈನಲ್ಲಿ ಅಂದ. ಆಗ ಅವನಿಗೆ ಹೇಳಿದ ಕಥೆ ಇದು.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಒಂದು ಸರ್ವೆ ಶುರು ಮಾಡಿದ. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆದು, ತ್ರಿಕೋನಗಳ ಸರಪಳಿ ಕಟ್ಟಿ, ಇಡೀ ದೇಶವನ್ನು ಅಳೆಯುವ ಕೆಲಸ. ಅದು ನಮ್ಮ ಬೆಂಗಳೂರನ್ನು ಹಾದು, 1815ರಲ್ಲಿ ಬೀದರಿನ ಹತ್ತಿರ ಆಧಾರರೇಖೆ ಅಳೆದು, ನಿಜಾಮನ ಸೀಮೆಯಲ್ಲಿ ಮುಂದುವರಿಯಿತು. 1818ರಲ್ಲಿ ಇದಕ್ಕೆ ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ ಅಂತ ಹೆಸರು ಬಂತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಎಂಬ ಯುವಕ ಲ್ಯಾಂಬ್ಟನ್ನನ ಸಹಾಯಕನಾಗಿ ಹೈದರಾಬಾದಿಗೆ ಬಂದ. ಹೌದು, ಆ ಪರ್ವತದ ಹೆಸರಿನವನೇ. ತಂಡಕ್ಕೆ ಹೆನ್ರಿ ವಾಯ್ಸಿ ಎಂಬ ಡಾಕ್ಟರೂ ಇದ್ದ. ಆತ ಭೂವಿಜ್ಞಾನಿ ಕೂಡ.

ತಿಂಗಳುಗಟ್ಟಲೆ ಕಾಡಿನಲ್ಲಿರಬೇಕಾದ ಇಂಥ ತಂಡಕ್ಕೆ ಆಗ ಸಿಗುತ್ತಿದ್ದ ಮದ್ದಾದರೂ ಏನು?

ಲಸಿಕೆ ಅಂದರೆ ಇಡೀ ಜಗತ್ತಿನಲ್ಲಿ ಇದ್ದದ್ದು ಒಂದೇ, ಸಿಡುಬಿನದು. ನಮ್ಮ ಅಜ್ಜಿಯರು "ದೇವಿ ಹಾಕಿಸೋದು" ಅಂತಿದ್ದರಲ್ಲ, ಅದು. ಭಾರತದಲ್ಲಿ ಮೊದಲು ಅದನ್ನು ಹಾಕಿಸಿಕೊಂಡದ್ದು ಮುಂಬೈಯ ಅನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು, 1802ರ ಜೂನ್ 14ರಂದು. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಾ, ಮುಂಬೈನಿಂದ ಪುಣೆ, ಸೂರತ್, ಮದ್ರಾಸ್, ಹೈದರಾಬಾದಿಗೆ ಅದನ್ನು ತಲುಪಿಸಿದರು. ಫ್ರಿಜ್ಜಿಲ್ಲದ ಕಾಲದಲ್ಲಿ ಮನುಷ್ಯರ ಮೈಯೇ ಲಸಿಕೆಯ ಡಬ್ಬಿ.

ಚಳಿಜ್ವರಕ್ಕೆ ಸಿಂಕೋನಾ ಮರದ ತೊಗಟೆಯ ಪುಡಿ ಇತ್ತು. ಆದರೆ ಅದರಲ್ಲಿ ಸತ್ವ ಎಷ್ಟಿದೆ ಅಂತ ನಂಬುವ ಹಾಗಿರಲಿಲ್ಲ. ಆ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ್ದು ಪ್ಯಾರಿಸ್ಸಿನಲ್ಲಿ, 1820ರಲ್ಲಿ. ಉಳಿದಂತೆ ಆ ಕಾಲದ ಡಾಕ್ಟರುಗಳು ಜ್ವರ ಅಂದರೆ ರಕ್ತ ತೆಗೆಯುತ್ತಿದ್ದರು, ಪಾದರಸದ ಮದ್ದು ಕೊಡುತ್ತಿದ್ದರು. ಕಾಯಿಲೆ ಬರುವುದು ಜೌಗಿನ ಕೆಟ್ಟ ಗಾಳಿಯಿಂದ ಅನ್ನೋದು ಎಲ್ಲರ ನಂಬಿಕೆ.

ಹೊರಡುವ ಕಾಲವನ್ನು ನೋಡಿದರೆ ಇನ್ನೂ ಆಶ್ಚರ್ಯ. ಸರ್ವೆಯವರು ಕೆಲಸಕ್ಕೆ ಬೇಕೆಂದೇ ಮಳೆಗಾಲ ಆರಿಸಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಧೂಳು, ಬಿಸಿಲ ಝಳ. ದೂರದ ಬೆಟ್ಟದ ಮೇಲಿನ ಗುರುತು ಕಾಣಿಸುವುದಿಲ್ಲ. ಮಳೆ ಬಿದ್ದರೆ ಗಾಳಿ ತೊಳೆದಂತಾಗಿ ಹತ್ತಾರು ಮೈಲಿ ದೂರ ಸ್ಪಷ್ಟವಾಗಿ ಕಾಣುತ್ತೆ. ಅಳತೆಗೆ ಅತ್ಯುತ್ತಮ ಕಾಲ, ಮೈಗೆ ಅತ್ಯಂತ ಕೆಟ್ಟ ಕಾಲ.

1819ರ ಮಳೆಗಾಲದಲ್ಲಿ ಎವರೆಸ್ಟ್, ವಾಯ್ಸಿ ಮತ್ತು ಅವರ ಜನ ಹೈದರಾಬಾದಿನ ಪೂರ್ವಕ್ಕೆ, ಕೃಷ್ಣಾ ಗೋದಾವರಿಗಳ ನಡುವಿನ ಕಾಡಿಗೆ ಹೋದರು. ಕೆಲವೇ ತಿಂಗಳಲ್ಲಿ ಎವರೆಸ್ಟ್ ಜ್ವರ ಹಿಡಿದು ಮಲಗಿದ. ಡಾಕ್ಟರ್ ವಾಯ್ಸಿಯೂ ಮಲಗಿದ. ಸುಮಾರು 150 ಜನರ ತಂಡ ಹೆಚ್ಚುಕಡಿಮೆ ಪೂರ್ತಿ ನೆಲ ಹಿಡಿಯಿತು. ಹೈದರಾಬಾದಿನಿಂದ ಗಾಡಿ, ಡೋಲಿ, ಆನೆಗಳನ್ನು ಕಳಿಸಿ ಅವರನ್ನು ಹೊತ್ತು ತರಬೇಕಾಯಿತು. ಅಷ್ಟರಲ್ಲಿ 15 ಜನ ಸತ್ತಿದ್ದರು. ವಿವರ ಓದಿದರೆ ಮಲೇರಿಯಾ ಎಂದೇ ತೋರುತ್ತೆ.

ಎವರೆಸ್ಟ್ ಚೇತರಿಸಿಕೊಂಡು ಮತ್ತೆ ಹೋದ, ಮತ್ತೆ ಜ್ವರ ಬಂತು. ಹವಾ ಬದಲಾವಣೆಗೆ ಅಂತ ಅವನನ್ನು ಆಫ್ರಿಕಾದ ಕೇಪ್‌ಗೆ ಕಳಿಸಿದರು. ಲ್ಯಾಂಬ್ಟನ್ 1823ರಲ್ಲಿ ಹಿಂಗನ್‌ಘಾಟ್‌ನಲ್ಲಿ, ಸರ್ವೆಯ ದಾರಿಯಲ್ಲೇ ತೀರಿಕೊಂಡ. ವಾಯ್ಸಿ 1824ರಲ್ಲಿ ಕಲ್ಕತ್ತಾಕ್ಕೆ ಹೋಗುವ ದಾರಿಯಲ್ಲಿ. ಸಾಹೇಬರ ಕೇಪ್ ಪ್ರವಾಸದ ಲೆಕ್ಕ ಸಿಗುತ್ತೆ. ಸರಪಳಿ ಎಳೆದ, ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟ ಹತ್ತಿಸಿದ ಖಲಾಸಿಗಳಿಗೆ ಜ್ವರ ಬಂದರೆ ಹವಾ ಬದಲಾವಣೆ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಆದ ಮೇಲೆ ಪರಿಹಾರ ಬಂದದ್ದು ಔಷಧದ ಪೆಟ್ಟಿಗೆಯಿಂದ ಅಲ್ಲ, ದೀಪದಿಂದ. ರಾತ್ರಿ ಹೊತ್ತು ದೂರದ ದೀಪ ಚೆನ್ನಾಗಿ ಕಾಣುತ್ತೆ ಅನ್ನೋದು ಎವರೆಸ್ಟ್‌ಗೆ ಗೊತ್ತಾಗಿತ್ತು. 1830ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬಂದ ಮೇಲೆ ಹಗಲಿಗೆ ಕನ್ನಡಿಯಿಂದ ಬಿಸಿಲು ಹಾಯಿಸುವ ಹೀಲಿಯೋಟ್ರೋಪ್, ರಾತ್ರಿಗೆ ಆರ್ಗಂಡ್ ದೀಪ ಬಳಸಿದ. ಅಲ್ಲಿಗೆ ಮಳೆ ತೊಳೆದ ಗಾಳಿಯ ಹಂಗು ತಪ್ಪಿತು. ಒಣ ಹವೆಯ ತಿಂಗಳುಗಳಲ್ಲೇ ಅಳೆಯಬಹುದಾಯಿತು. ಇದನ್ನು ಬರೀ ಕರುಣೆಯಿಂದ ಮಾಡಿದ ಅಂತ ನಾನು ಹೇಳಲಾರೆ. ಎವರೆಸ್ಟ್ ಮಹಾ ಸಿಡುಕ, ಅವನಿಗೆ ಬೇಕಾದದ್ದು ನಿಖರತೆ. ಆದರೂ ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಕ್ರ್ಯಾಶ್ ಆದಾಗಲೆಲ್ಲ ರೀಸ್ಟಾರ್ಟ್ ಮಾಡ್ತಾ ಕೂರದೆ ಡಿಸೈನನ್ನೇ ಬದಲಿಸಿದ.

ಮಳೆಗಾಲ ಯಾಕೆ ಕೊಲ್ಲುತ್ತಿತ್ತು ಅನ್ನೋದಕ್ಕೆ ಉತ್ತರ ಸಿಕ್ಕಿದ್ದೂ ಇದೇ ಊರಿನಲ್ಲಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ. ಕೆಟ್ಟದ್ದು ಗಾಳಿ ಅಲ್ಲ, ಮಳೆ ನೀರು ನಿಂತಲ್ಲಿ ಹುಟ್ಟುವ ಸೊಳ್ಳೆ. ಆ ಕಟ್ಟಡ ಬೇಗಂಪೇಟೆಯಲ್ಲಿ ಹಳೇ ವಿಮಾನ ನಿಲ್ದಾಣದ ಹತ್ತಿರ ಇವತ್ತೂ ಇದೆ. ಆನೆಗಳು ಆ 150 ಜನರನ್ನು ಹೊತ್ತು ತಂದು 78 ವರ್ಷಗಳಾಗಿದ್ದವು.

ಮಲೇರಿಯಾಕ್ಕೆ ಲಸಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿ ಶಿಫಾರಸು ಮಾಡಿದ್ದು 2021ರಲ್ಲಿ. ಅದೂ ಕಾಯಿಲೆ ಹೆಚ್ಚಿರುವ ಕಡೆಯ ಮಕ್ಕಳಿಗೆ, ನಮ್ಮಂಥ ಪ್ರವಾಸಿಗಳಿಗಲ್ಲ. ನಮಗೆ ಈಗಲೂ ಸೊಳ್ಳೆಪರದೆ, ತುಂಬು ತೋಳಿನ ಅಂಗಿ, ಡಾಕ್ಟರು ಬರೆದುಕೊಟ್ಟರೆ ಮಾತ್ರೆ. ಹಾಗಾಗಿ ಪಟ್ಟಿ ಬೇಡ ಅಂತ ನಾನು ಹೇಳ್ತಿಲ್ಲ. ಎವರೆಸ್ಟ್‌ನ ಜನಕ್ಕೆ ಅಂಥ ಪಟ್ಟಿ ಸಿಕ್ಕಿದ್ದರೆ ಎಷ್ಟೋ ಜನ ಮನೆಗೆ ಹೋಗ್ತಿದ್ದರು. ಆದರೆ ಪಟ್ಟಿಯ ಮೊದಲ ಸಾಲಿನಲ್ಲಿ ಔಷಧಕ್ಕಿಂತ ಮುಂಚೆ ದಾರಿ ಮತ್ತು ತಿಂಗಳು ಇರಬೇಕು.

ಗೆಳೆಯ ನಲವತ್ತು ಸಾಲುಗಳನ್ನೂ ಹಾಗೇ ಉಳಿಸಿಕೊಂಡಿದ್ದಾನೆ. ಹೊರಡೋದು ಮಾತ್ರ ನವೆಂಬರಿಗೆ.