ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ: ಗೋಣಿಬೀಡಿನ ಜೀಪು, ಮಧ್ಯ ಎಂಜಿನ್ನಿನ ಕಾರು ಮತ್ತು ಬೆಲ್ ಹೌಸಿಂಗಿನ ಚರಿತ್ರೆ

ಮೋಟಾರು ವಾಹನಗಳ ಚರಿತ್ರೆ ಹೆಚ್ಚಾಗಿ ಎಂಜಿನ್ನುಗಳ ಚರಿತ್ರೆಯಾಗಿಯೇ ಉಳಿದಿದೆ; ಬೆಲ್ ಹೌಸಿಂಗಿನ ಮಾತು ಅದರಲ್ಲಿ ಬರುವುದು ಅಪರೂಪ. ಫ್ಲೈವೀಲು, ಕ್ಲಚ್ಚುಗಳನ್ನು ಒಳಗಿಟ್ಟುಕೊಂಡು ಎಂಜಿನ್ನನ್ನು ಗೇರ್ ಬಾಕ್ಸಿಗೆ ಕೂಡಿಸುವ ಎರಕದ ಕವಚ ಬೆಲ್ ಹೌಸಿಂಗು. ಯಾವ ಎಂಜಿನ್ ಯಾವ ಗಾಡಿಗೆ ಕೂರುತ್ತದೆ ಎಂಬುದನ್ನು ಬಹಳ ಸಲ ಈ ಕವಚವೇ ತೀರ್ಮಾನಿಸಿದೆ ಎಂಬುದು ಇಲ್ಲಿನ ವಾದ.

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಂಥ ಕಾಫಿ ಸೀಮೆಯಲ್ಲಿ ಇದಕ್ಕೆ ಹತ್ತಿರದ ಸಾಕ್ಷ್ಯ ತೋಟದ ಜೀಪು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನದು ಸುಮಾರು 2,200 ಸಿಸಿಯ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲೇ ಜೋಡಿಸತೊಡಗಿತು. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಮಲೆನಾಡಿನಲ್ಲಿ ಸಾಮಾನ್ಯ ಕೆಲಸವಾಯಿತು. ಮುಂದೆ ಮಹೀಂದ್ರಾ ಕಾರ್ಖಾನೆಯೇ ಪ್ಯೂಜೋ ಪರವಾನಗಿಯ 2,112 ಸಿಸಿ ಡೀಸೆಲ್ ಎಂಜಿನ್ನನ್ನು ಜೀಪಿಗೆ ತಂದಿತು. ಕಾರ್ಖಾನೆಯಲ್ಲಾದರೆ ಅದಕ್ಕೆ ಹೊಂದುವ ಬೆಲ್ ಹೌಸಿಂಗ್ ಜೊತೆಗೇ ಬರುತ್ತದೆ. ಊರಿನ ಮೆಕ್ಯಾನಿಕ್ ಮಾತ್ರ ಅದನ್ನು ತಾನೇ ಹೊಂದಿಸಬೇಕಿತ್ತು.

ಬೋಲ್ಟಿನ ತೂತುಗಳನ್ನು ಹೊಂದಿಸುವುದು ಇದರಲ್ಲಿ ಸುಲಭದ ಪಾಲು. ದಪ್ಪ ಕಬ್ಬಿಣದ ತಟ್ಟೆಯನ್ನು ಲೇತಿಗೆ ಹಾಕಿ, ಒಂದು ಮುಖಕ್ಕೆ ಎಂಜಿನ್ನಿನ ತೂತು, ಇನ್ನೊಂದಕ್ಕೆ ಗೇರ್ ಬಾಕ್ಸಿನ ತೂತು ಕೊರೆದರೆ ಅಡಾಪ್ಟರ್ ಪ್ಲೇಟು ಸಿದ್ಧ. ಆದರೆ ಆ ತಟ್ಟೆಯ ದಪ್ಪದಷ್ಟೇ ಗೇರ್ ಬಾಕ್ಸ್ ಹಿಂದಕ್ಕೆ ಸರಿಯುತ್ತದೆ. ಆಗ ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿನೊಳಗಿನ ಪೈಲಟ್ ಬುಷ್ಷನ್ನು ಮುಟ್ಟುವುದಿಲ್ಲ, ಉದ್ದನೆಯ ಬುಷ್ ಮಾಡಿಸಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಕ್ರ್ಯಾಂಕಿಗೂ ಇನ್‌ಪುಟ್ ಶಾಫ್ಟಿಗೂ ಒಂದೇ ಸೆಂಟರ್ ಹಿಡಿಯುವುದು. ಫ್ಲೈವೀಲಿಗೆ ಡಯಲ್ ಗೇಜ್ ಕಚ್ಚಿಸಿ, ಹೌಸಿಂಗಿನ ನಡುವಿನ ರಂಧ್ರದ ಸುತ್ತ ಮುಳ್ಳನ್ನು ತಿರುಗಿಸಿ ನೋಡುತ್ತಾರೆ. ಮುಳ್ಳಿನ ಒಟ್ಟು ಓಡಾಟ ಒಂದು ಇಂಚಿನ ಸಾವಿರದಲ್ಲಿ ಐದು ಪಾಲಿನೊಳಗೆ ಇರಬೇಕೆಂಬುದು ರೂಢಿಯ ಮಿತಿ. ನಿಜವಾದ ಪಲ್ಲಟ ಅದರ ಅರ್ಧ ಮಾತ್ರ. ಮಿತಿ ಮೀರಿದರೆ ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿದಿಡುವ ಡೋವೆಲ್ ಪಿನ್ನುಗಳನ್ನು ಸರಿಸಿ ಕೂರಿಸಬೇಕು. ಇದನ್ನು ಬಿಟ್ಟ ಗಾಡಿಯಲ್ಲಿ ಬೇರಿಂಗ್ ಕೂಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಒಡೆಯುತ್ತದೆ, ಏರಿನಲ್ಲಿ ಗೇರು ತಾನಾಗಿ ನ್ಯೂಟ್ರಲ್‌ಗೆ ಜಾರುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಇದು ಜೀವದ ಪ್ರಶ್ನೆ.

ಎಂಜಿನ್ ಚಾಲಕನ ಬೆನ್ನಿಗೆ, ಹಿಂದಿನ ಅಚ್ಚಿನ ಮುಂದೆ ಬರುವ ಮಧ್ಯ ಎಂಜಿನ್ನಿನ ಕಾರಿನಲ್ಲಿ ಇದೇ ಲೆಕ್ಕಕ್ಕೆ ಮತ್ತೊಂದು ತೊಡಕು ಸೇರುತ್ತದೆ. ಗೇರ್ ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಕವಚದಲ್ಲಿರುವ ಟ್ರಾನ್ಸ್ಆ್ಯಕ್ಸಲ್ ಬೇಕು. ಅದನ್ನು ಹೊಸದಾಗಿ ಎರಕ ಹೊಯ್ಯುವ ಶಕ್ತಿ ಸಣ್ಣ ಕಾರ್ಖಾನೆಗಳಿಗಿರಲಿಲ್ಲ. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್‌ಗೆ ಕಾರ್ ರೇಸಿನ ವಿಶ್ವ ಚಾಂಪಿಯನ್ ಪಟ್ಟ ತಂದ ಕೂಪರ್ ಕಂಪನಿ ತನ್ನ ಗೇರ್ ಬಾಕ್ಸನ್ನು ಬೆಳೆಸಿದ್ದು ಸಿಟ್ರೊಯೆನ್‌ನ ಮುಂಚಕ್ರ ಚಾಲನೆಯ ಮನೆಬಳಕೆಯ ಕಾರಿನದರಿಂದ. ಗೇರ್ ತಯಾರಕ ಮೈಕ್ ಹ್ಯೂಲ್ಯಾಂಡ್ ತಮ್ಮ ರೇಸ್ ಗೇರ್ ಬಾಕ್ಸಿಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಕವಚವನ್ನು ಆರಿಸಿಕೊಂಡರು. ಬೀಟಲ್‌ನಲ್ಲಿ ಎಂಜಿನ್ ಅಚ್ಚಿನ ಹಿಂದಿದೆ. ಗೇರ್ ಬಾಕ್ಸನ್ನು ಹಾಗೆಯೇ ತಿರುಗಿಸಿ ಎಂಜಿನ್ನನ್ನು ಅಚ್ಚಿನ ಮುಂದೆ ತಂದರೆ ಕಾರಿಗೆ ನಾಲ್ಕು ರಿವರ್ಸ್ ಗೇರು, ಮುಂದಕ್ಕೆ ಒಂದೇ! ಡಿಫರೆನ್ಷಿಯಲ್ಲಿನ ಕ್ರೌನ್ ಚಕ್ರವನ್ನು ಅದನ್ನು ತಿರುಗಿಸುವ ಪಿನಿಯನ್ನಿನ ಆಚೆ ಬದಿಗೆ ಹಾಕಬೇಕು, ಇಲ್ಲವೇ ಗೇರ್ ಬಾಕ್ಸನ್ನೇ ತಲೆಕೆಳಗು ಮಾಡಬೇಕು.

1966ರ ಲೋಟಸ್ ಯುರೋಪಾ ಕಾರು ನನ್ನ ವಾದಕ್ಕೆ ಅತ್ಯುತ್ತಮ ಆಧಾರ. ಅದರಲ್ಲಿ ರೆನೋ 16ರ ಎಂಜಿನ್ನೂ ಟ್ರಾನ್ಸ್ಆ್ಯಕ್ಸಲ್ಲೂ ಜೊತೆಯಾಗಿಯೇ ದಿಕ್ಕು ಬದಲಿಸಿ ಕೂತವು. ಕ್ರೌನ್ ಚಕ್ರದ ಬದಿ ಬದಲಾಯಿತು, ಎಂಜಿನ್ ಮತ್ತು ಗೇರ್ ಬಾಕ್ಸಿನ ನಡುವಿನ ಕೂಡಿಕೆ ಮಾತ್ರ ರೆನೋ ಕಾರ್ಖಾನೆಯದೇ ಉಳಿಯಿತು. 1971ರಲ್ಲಿ ಫೋರ್ಡ್ ಮೂಲದ ಟ್ವಿನ್ ಕ್ಯಾಮ್ ಎಂಜಿನ್ ಬಂದಾಗ ಗೇರ್ ಬಾಕ್ಸ್ ರೆನೋದ್ದೇ ಆಗಿತ್ತು. ಆಗ ಬೇಕಾದದ್ದು, ತೋಟದ ಜೀಪಿಗೆ ಬೇಕಾದ ಹಾಗೆಯೇ, ಎರಡು ಕಂಪನಿಗಳ ತೂತುಗಳನ್ನು ಹೊಂದಿಸುವ ಅಡಾಪ್ಟರ್.

ಮಲೆನಾಡಿನ ರಸ್ತೆಗಳಿಗೂ ಮಧ್ಯ ಎಂಜಿನ್ ಹೊಸದಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನಿನ, ಅಂದರೆ ಓಮ್ನಿಯ, 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನಡಿ. ಅದೇ ಕುಟುಂಬದ ಎಂಜಿನ್ ಮಾರುತಿ 800ರಲ್ಲಿ ಅಡ್ಡಲಾಗಿ ಕೂತು ಟ್ರಾನ್ಸ್ಆ್ಯಕ್ಸಲ್ ಮೂಲಕ ಮುಂದಿನ ಚಕ್ರ ತಿರುಗಿಸಿದರೆ, ಓಮ್ನಿಯಲ್ಲಿ ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟಿನಿಂದ ಹಿಂದಿನ ಚಕ್ರ ತಿರುಗಿಸುತ್ತದೆ: ಒಂದೇ ಕುಟುಂಬದ ಎಂಜಿನ್, ಎರಡು ಬಗೆಯ ಕೂಡಿಕೆ.

ಇಂಥ ಕೂಡಿಕೆಗಳಲ್ಲಿ ಕಂಪನಿಯವುಗಳಿಗೆ ನಕ್ಷೆಗಳಿವೆ. ಊರಿನ ಲೇತಿನಲ್ಲಿ ಹುಟ್ಟಿದ ತಟ್ಟೆಗಳಿಗೆ ಇರುವ ದಾಖಲೆ ಆ ತಟ್ಟೆಗಳಷ್ಟೇ, ಅವೂ ಜೀಪಿನೊಂದಿಗೆ ಗುಜರಿಗೆ ಹೋಗುತ್ತಿವೆ. ಸಿಕ್ಕ ತಟ್ಟೆಯ ದಪ್ಪ, ಎರಡೂ ಮುಖದ ತೂತುಗಳ ಅಂತರ, ಡೋವೆಲ್ಲಿನ ಜಾಗ, ಜೊತೆಗೆ ಪೈಲಟ್ ಬುಷ್ಷಿನ ಉದ್ದ, ಇಷ್ಟನ್ನು ಅಳೆದಿಟ್ಟರೆ ಅದು ಯಾವ ಎಂಜಿನ್ನನ್ನು ಯಾವ ಗೇರ್ ಬಾಕ್ಸಿಗೆ ಕೂಡಿಸಿತ್ತೆಂದು ಗುರುತಿಸಬಹುದು.