ಚೌಕಗೂಡಿನ ಕಪಾಟು: ಪೇರಿಸುವ ಮುನ್ನ ಗೋಡೆಗೆ ಬಿಗಿಯಿರಿ

ಬಿಡಿ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದು, ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ 'ಫ್ಲ್ಯಾಟ್ ಪ್ಯಾಕ್' ಪೀಠೋಪಕರಣಗಳು ಇಂದು ನಗರವಾಸಿಗಳಿಗೆ ಚಿರಪರಿಚಿತ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ಆರಂಭವಾಯಿತು. ಅಂತರ್ಜಾಲ ಮಾರಾಟ ತಾಣಗಳಲ್ಲಿಯೂ ಇಂತಹ ಸಾಮಗ್ರಿ ಹೇರಳವಾಗಿ ದೊರೆಯುತ್ತದೆ. ಇವುಗಳ ಪೈಕಿ ಪುಸ್ತಕ, ಆಟಿಕೆ, ಕಡತಗಳಿಗೆಂದು ಕೊಳ್ಳುವ ಚೌಕಗೂಡಿನ ಕಪಾಟಿಗೆ ಬೇಡಿಕೆ ಹೆಚ್ಚು. ಸ್ಥಳಾಭಾವವಿರುವ ಮನೆಗಳಲ್ಲಿ ಒಂದರ ಮೇಲೊಂದು ಕಪಾಟು ಪೇರಿಸುವುದೂ ಸಾಮಾನ್ಯ. ಅಪಾಯ ಆರಂಭವಾಗುವುದು ಇಲ್ಲಿಂದಲೇ.

ಕಪಾಟು ಉರುಳುವುದು ಕ್ಷುಲ್ಲಕ ಸಂಗತಿಯಲ್ಲ. ಮಕ್ಕಳು ಮೃತಪಟ್ಟ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕದಲ್ಲಿ 2016ರ ಜೂನ್‌ನಲ್ಲಿ ಐಕಿಯಾ ಸಂಸ್ಥೆಯು ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಬಟ್ಟೆ ಇಡುವ ಕಪಾಟುಗಳ ಸ್ಥಿರತೆಗೆ ಸಂಬಂಧಿಸಿದ ಕಾನೂನಿಗೆ ಅಲ್ಲಿ 2022ರ ಡಿಸೆಂಬರ್‌ನಲ್ಲಿ ಅಂಕಿತ ಬಿದ್ದು, ಕಡ್ಡಾಯ ಮಾನದಂಡ 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಆದರೆ ಬಾಗಿಲಿಲ್ಲದ ತೆರೆದ ಗೂಡುಗಳು ಆ ನಿಯಮದ ವ್ಯಾಪ್ತಿಗೆ ಸೇರುವುದಿಲ್ಲ. ಅವುಗಳ ಸುರಕ್ಷತೆ ಜೋಡಿಸುವವರ ಹೊಣೆಯೇ ಆಗಿದೆ.

ಏಕೆ ಉರುಳುತ್ತದೆ?

ವಸ್ತುವಿನ ಗುರುತ್ವ ಕೇಂದ್ರವು ಅದರ ಬುಡದ ಅಂಚನ್ನು ದಾಟಿದೊಡನೆ ಅದು ಉರುಳುತ್ತದೆ. 30 ಸೆಂ.ಮೀ. ಆಳ, 75 ಸೆಂ.ಮೀ. ಎತ್ತರದ ಕಪಾಟನ್ನು ಉರುಳಿಸಲು ಅದನ್ನು ಸುಮಾರು 22 ಡಿಗ್ರಿ ವಾಲಿಸಬೇಕು. ಅಂತಹದೇ ಇನ್ನೊಂದನ್ನು ಮೇಲಿಟ್ಟರೆ ಸುಮಾರು 11 ಡಿಗ್ರಿ ವಾಲಿದರೆ ಸಾಕು. ಎತ್ತರ ಇಮ್ಮಡಿಯಾದರೆ ಸ್ಥಿರತೆ ಅರ್ಧಕ್ಕಿಳಿಯುತ್ತದೆ.

ಮಗು ಕಪಾಟಿನ ಗೂಡುಗಳನ್ನು ಮೆಟ್ಟಿಲಿನಂತೆ ಹತ್ತುವುದೂ ಉಂಟು. ಪೇರಿಸಿದ ಕಪಾಟಿನ ತೂಕ 20 ಕಿ.ಗ್ರಾಂ. ಎಂದು ಭಾವಿಸೋಣ. 15 ಕಿ.ಗ್ರಾಂ. ತೂಕದ ಮಗು ಮುಂಭಾಗಕ್ಕೆ ಜೋತುಬಿದ್ದು, ಅದರ ಮೈಭಾರ ಅಂಚಿನಿಂದ 20 ಸೆಂ.ಮೀ.ಗಿಂತ ಹೊರಕ್ಕೆ ಸರಿದರೆ ಕಪಾಟು ಮಗುಚುತ್ತದೆ. ಖಾಲಿ ಅಥವಾ ಅರೆಖಾಲಿ ಕಪಾಟು ಹಗುರವೆಂದು ನಿರ್ಲಕ್ಷಿಸುವವರು ಇದನ್ನು ಗಮನಿಸಬೇಕು. ಮಗುವಿನ ಭಾರವನ್ನು ತಡೆಯುವಷ್ಟು ತೂಕ ಅದಕ್ಕಿರುವುದಿಲ್ಲ.

ಹಲಗೆಯ ಗುಣ

ಇಂತಹ ಕಪಾಟುಗಳು ಬಹುತೇಕ ಪಾರ್ಟಿಕಲ್ ಬೋರ್ಡ್‌ನಿಂದ ತಯಾರಾದವು. ಐಕಿಯಾದ 'ಕಾಲಾಕ್ಸ್' ಮಾದರಿಯಲ್ಲಿ ದಪ್ಪ ಹಲಗೆಗಳ ಒಳಗೆ ಜೇನುಗೂಡಿನಾಕಾರದ ಕಾಗದವನ್ನು ತುಂಬಲಾಗಿರುತ್ತದೆ. ಆದ್ದರಿಂದ ಕಂಡಲ್ಲೆಲ್ಲ ಸ್ಕ್ರೂ ಹೊಡೆದರೆ ಹಿಡಿತ ಸಿಗದು. ತಯಾರಕರು ಸೂಚಿಸಿದ ಜಾಗದಲ್ಲಿ ಮಾತ್ರ ಸ್ಕ್ರೂ ಹಾಕಬೇಕು.

ಈ ಮಾದರಿಯ ಪ್ರತಿ ಗೂಡಿನ ಗರಿಷ್ಠ ಭಾರಮಿತಿ 13 ಕಿ.ಗ್ರಾಂ. ಸುಮಾರು 33 ಸೆಂ.ಮೀ. ಅಗಲದ ಗೂಡಿನಲ್ಲಿ ಒಂದು ಸಾಲು ಪುಸ್ತಕವಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಿಂದೆ ಮುಂದೆ ಎರಡು ಸಾಲು ತುಂಬಿದರೆ ಮಿತಿ ಮೀರುವ ಸಂಭವವಿದೆ. ಪುಸ್ತಕಗಳನ್ನು ಚೀಲದಲ್ಲಿ ಹಾಕಿ ತೂಗಿ ನೋಡುವುದು ಲೇಸು. ಬೇರೆ ತಯಾರಿಕೆಗಳಿಗೆ ಆಯಾ ಸೂಚನಾಪತ್ರದ ಮಿತಿಯೇ ಪ್ರಮಾಣ.

ಕೆಲವು ಮಾದರಿಗಳಲ್ಲಿ ಉದ್ದ ಹಲಗೆಗಳ ನಡುವಿನ ಗಿಡ್ಡ ಹಲಗೆಗಳನ್ನು ಮರದ ಗೂಟಗಳಷ್ಟೇ ಹಿಡಿದಿರುತ್ತವೆ. ಯಾವುದು ಅಡ್ಡ, ಯಾವುದು ಉದ್ದ ಎಂಬುದನ್ನು ಸೂಚನಾಪತ್ರದಂತೆಯೇ ಪಾಲಿಸಬೇಕು.

ಪೇರಿಸುವ ಕ್ರಮ

* ಸೂಚನಾಪತ್ರ ಅನುಮತಿಸಿದರೆ ಮಾತ್ರ ಪೇರಿಸಿ. ಪೇರಿಸಬಾರದೆಂದಿದ್ದರೆ ಎತ್ತರದ ಒಂದೇ ಕಪಾಟನ್ನು ಕೊಳ್ಳುವುದೇ ಸೂಕ್ತ.
* ನೆಲ ಸಮವಾಗಿದೆಯೇ ಎಂದು ರಸಮಟ್ಟದಿಂದ ಪರೀಕ್ಷಿಸಿ. ನೀರು ಹರಿಯಲೆಂದು ಇಳಿಜಾರು ಕೊಟ್ಟ ನೆಲವಾಗಿದ್ದರೆ ತಗ್ಗಿನ ಬದಿಗೆ ಗಟ್ಟಿ ಪಟ್ಟಿಯನ್ನು ಕೊಡಿ. ಮಡಿಸಿದ ಕಾಗದ ಬೇಡ.
* ಮೇಲಿನ ಕಪಾಟಿನ ಪಕ್ಕದ ಹಲಗೆಗಳು ಕೆಳಗಿನ ಪಕ್ಕದ ಹಲಗೆಗಳ ನೇರದಲ್ಲಿಯೇ ಕೂರಬೇಕು. ಗೂಡಿನ ನಡುವೆ ಭಾರ ಬಿದ್ದರೆ ಹಲಗೆ ಬಾಗುತ್ತದೆ.
* ಎರಡೂ ಕಪಾಟುಗಳನ್ನು ಹಿಂಭಾಗದಲ್ಲಿ ಲೋಹದ ಪಟ್ಟಿಗಳಿಂದ ಬೆಸೆಯಿರಿ. ಹಾಗೆಂದು ಒಂದನ್ನೇ ಗೋಡೆಗೆ ಬಿಗಿದರೆ ಸಾಲದು. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಬಿಗಿಯಬೇಕು.
* ಭಾರದ ಪುಸ್ತಕಗಳು ಕೆಳಗೆ, ಹಗುರ ವಸ್ತುಗಳು ಮೇಲೆ. ಮಕ್ಕಳನ್ನು ಆಕರ್ಷಿಸುವ ಆಟಿಕೆಗಳನ್ನು ಮೇಲ್ಗೂಡಿನಲ್ಲಿ ಇಡಲೇಬಾರದು.

ಹಿಂಬದಿ ತೆರೆದ ಕಪಾಟು ಪಕ್ಕಕ್ಕೆ ವಾಲಿ ಓರೆಯಾಗುವುದುಂಟು. ಹಿಂಭಾಗಕ್ಕೆ 6 ಮಿ.ಮೀ. ಪ್ಲೈವುಡ್ ಹಾಳೆಯನ್ನು ಅಂಚಿನುದ್ದಕ್ಕೂ ಸ್ಕ್ರೂಗಳಿಂದ ಬಿಗಿದರೆ ಈ ಓಲಾಟ ನಿಲ್ಲುತ್ತದೆ. ಇಡೀ ಹಿಂಬದಿ ಮುಚ್ಚುವುದು ಬೇಡವೆನಿಸಿದರೆ ಮೂಲೆಗಳಿಗೆ 'ಎಲ್' ಆಕಾರದ ಲೋಹದ ಪಟ್ಟಿ ಹಾಕಬಹುದು.

ಗೋಡೆ ಯಾವುದು?

ಅನೇಕ ಕಪಾಟುಗಳೊಡನೆ ಗೋಡೆಗೆ ಬಿಗಿಯುವ ಪಟ್ಟಿ ಬರುತ್ತದೆಯಾದರೂ ಗೋಡೆಗೆ ಹೊಡೆಯುವ ಸ್ಕ್ರೂ ಬಾರದಿರಬಹುದು. ಗೋಡೆಯ ಬಗೆಗೆ ತಕ್ಕಂತೆ ಸ್ಕ್ರೂ ಬದಲಾಗುವುದೇ ಇದಕ್ಕೆ ಕಾರಣ.

ಇಟ್ಟಿಗೆ ಗೋಡೆ: 12ರಿಂದ 15 ಮಿ.ಮೀ. ಗಾರೆಯ ಪದರಕ್ಕೆ ಹಿಡಿತವಿಲ್ಲ. ಪ್ಲಾಸ್ಟಿಕ್ ಪ್ಲಗ್ ಪೂರ್ತಿ ಇಟ್ಟಿಗೆಯೊಳಗೆ ಇಳಿಯುವಷ್ಟು ಆಳ ಕೊರೆಯಬೇಕು.

ಕಾಂಕ್ರೀಟ್ ಗೋಡೆ: ಹೊಸ ಬಹುಮಹಡಿ ಕಟ್ಟಡಗಳಲ್ಲಿರುವ ಇದನ್ನು ಕೊರೆಯಲು ಹ್ಯಾಮರ್ ಡ್ರಿಲ್ ಬೇಕು. ಒಮ್ಮೆ ಕೊರೆದರೆ ಹಿಡಿತ ಉತ್ತಮ.

ಹಗುರ ಎಎಸಿ ಬ್ಲಾಕ್: ಸಾಮಾನ್ಯ ಪ್ಲಗ್ ಸಡಿಲಗೊಳ್ಳುತ್ತದೆ. ಈ ಬ್ಲಾಕ್‌ಗೆಂದೇ ತಯಾರಾದ ಪ್ಲಗ್ ಬಳಸಿ, ಡ್ರಿಲ್‌ನ ಹ್ಯಾಮರ್ ಕ್ರಿಯೆ ನಿಲ್ಲಿಸಿ ಕೊರೆಯಬೇಕು.

ಸ್ವಿಚ್ ಬೋರ್ಡ್‌ನ ನೇರ ಮೇಲೆ ಅಥವಾ ಕೆಳಗೆ ಕೊರೆಯಬೇಡಿ. ಅಲ್ಲಿ ತಂತಿಯ ಕೊಳವೆ ಹಾದುಹೋಗಿರುತ್ತದೆ. ಸ್ನಾನಗೃಹದ ಹಿಂಬದಿಯ ಗೋಡೆಯಲ್ಲಿ ನೀರಿನ ಕೊಳವೆ ಇರಬಹುದು.

ನಮ್ಮ ಮನೆಗಳ ಗೋಡೆಯ ಬುಡದಲ್ಲಿರುವ ಸ್ಕರ್ಟಿಂಗ್ ಟೈಲ್ಸ್ ಹೊರಚಾಚಿಕೊಂಡಿದ್ದರೆ ಕಪಾಟು ಗೋಡೆಗೆ ತಾಗದೆ ಹಿಂದೆ ಸಂದು ಉಳಿಯುತ್ತದೆ. ಸ್ಕ್ರೂ ಬಿಗಿದೊಡನೆ ಕಪಾಟು ಹಿಂದಕ್ಕೆ ವಾಲದಂತೆ ಆ ಸಂದಿನಷ್ಟೇ ದಪ್ಪದ ಮರದ ತುಂಡನ್ನು ನಡುವೆ ಕೊಡಬೇಕು.

ತೇವದ ಕಾಟ

ಪಾರ್ಟಿಕಲ್ ಬೋರ್ಡ್ ನೀರು ಹೀರಿದರೆ ಊದಿಕೊಂಡು, ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ. ನಿತ್ಯ ನೆಲ ಒರೆಸುವ ಮನೆಗಳಲ್ಲಿ ಕಪಾಟಿಗೆ ಚಿಕ್ಕ ಕಾಲುಗಳನ್ನೋ ಪೀಠವನ್ನೋ ಕೊಡುವುದು ಒಳಿತು. ಆದರೆ ಎತ್ತರ ಹೆಚ್ಚಿದಷ್ಟೂ ಗೋಡೆಯ ಬಿಗಿತ ಅನಿವಾರ್ಯ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಮುಗಿದೊಡನೆ ಸ್ಕ್ರೂಗಳನ್ನು ಪರೀಕ್ಷಿಸಬೇಕು. ಊದಿದ ಹಲಗೆಯ ಮೇಲೆ ಇನ್ನೊಂದು ಕಪಾಟು ಇರಕೂಡದು.

ಬಾಡಿಗೆ ಮನೆಯಲ್ಲಿ

ಗೋಡೆ ಕೊರೆಯಲು ಮಾಲೀಕರು ಒಪ್ಪದಿದ್ದರೆ ಏನು ಮಾಡಬೇಕು? ಅಂಟುಪಟ್ಟಿ ನೆಚ್ಚಬೇಡಿ, ಅದು ಗೋಡೆಯ ಬಣ್ಣದ ಪದರಕ್ಕಷ್ಟೇ ಅಂಟಿರುತ್ತದೆ. ತಯಾರಕರು ಅನುಮತಿಸುವ ಮಾದರಿಯಾದರೆ ಕಪಾಟನ್ನು ಅಡ್ಡಲಾಗಿ, ಒಂದೇ ಅಂತಸ್ತಿನಲ್ಲಿ ಇಡಿ. ಎರಡು ರಂಧ್ರಗಳನ್ನು ಮನೆ ಬಿಡುವಾಗ ಪುಟ್ಟಿಯಿಂದ ಮುಚ್ಚಿಕೊಡುವುದಾಗಿ ಹೇಳಿ ಮಾಲೀಕರನ್ನು ಒಪ್ಪಿಸುವುದೂ ಸಾಧ್ಯ. ಅದಾಗದಿದ್ದರೆ, ವಿಶೇಷವಾಗಿ ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಪೇರಿಸುವ ಯೋಚನೆಯನ್ನೇ ಕೈಬಿಡುವುದು ಕ್ಷೇಮ.